ಹುಬ್ಬಿನ ಉತ್ತರ

“ಏಳೇ ಶನಿಮುಂಡೇದೆ! ಟೊಮ್ಯಾಟೊ ಏನು ತಾನಾಗೇ ಬಂದು ನಿನ್ ಮಡಿಲಿಗೆ ಬೀಳುತ್ತಾ?”

ಮೇಸ್ತ್ರಿ ಡೇರಿಲ್ ನನ್ನ ಮಗಳ ಖಾಲಿ ಬಕೆಟ್ಟನ್ನು ಬೂಟಿನಿಂದ ಒದ್ದ. ಲೆಸಿಯೇಲಿ ಗಿಡದ ಬುಡದಲ್ಲಿ ಕೂತೇ ಇದ್ದಳು. ಬಕೆಟ್ಟು ಉರುಳಿದ್ದು ಕೂಡ ಅವಳಿಗೆ ತಿಳಿದಂತಿರಲಿಲ್ಲ.

“ಬಾಸ್, ಅವಳಿಗೆ ಹುಷಾರಿಲ್ಲ. ಊಟ ಬಿಟ್ಟವಳೆ, ನಿದ್ದೆ ಬಿಟ್ಟವಳೆ. ಬೆಳಿಗ್ಗೆ ದಿಂಬಿನಡಿ ಗಿಡ ಸವರೋ ಕತ್ತರಿ ಇತ್ತು. ದಮ್ಮಯ್ಯ, ಆಸ್ಪತ್ರೆಗೆ ಕಳ್ಸಿ.”

“ಟೋಂಗಾದಿಂದ ಬರೋವಾಗ ನೆಟ್ಟಗಿದ್ಲಲ್ಲ? ಕೆಲ್ಸ ಅಂದ ಕೂಡ್ಲೇ ಹುಚ್ಚು ಹಿಡೀತಾ?”

ಕೂಲಿಯವರ ಶೆಡ್ಡಿನಲ್ಲಿ ನಮ್ಮ ಪಕ್ಕದ ಮಂಚದಲ್ಲಿ ಮಲಗುವ ವಿಕಾ ಬಕೆಟ್ ಕೆಳಗಿಟ್ಟಳು. ಅವಳನ್ನು ನೋಡಿ ಸಾಲಿನ ಹೆಂಗಸರೆಲ್ಲ ಇಟ್ಟರು. ಆಮೇಲೆಯೇ ಡೇರಿಲ್ ನನ್ನನ್ನೂ ಮಗಳನ್ನೂ ಆಫೀಸಿಗೆ ಕರೆದು ಫೋನ್ ಹಚ್ಚಿದ್ದು. ಡಾಕ್ಟರು ಇದ್ದದ್ದು ದೂರದ ಬ್ರಿಸ್ಬೇನಿನಲ್ಲಿ; ಸ್ಪೀಕರಿನಲ್ಲಿ ಬರುತ್ತಿದ್ದದ್ದು ಅವರ ದನಿ ಮಾತ್ರ.

“ಲೆಸಿಯೇಲಿ, ಬದುಕೋದೇ ಬೇಡ ಅನ್ಸುತ್ತೇನಮ್ಮ?”

ಮಗಳು ಹುಬ್ಬೆತ್ತಿದಳು. ನಮ್ಮ ದ್ವೀಪದಲ್ಲಿ ಹೌದು ಎನ್ನಲು ಅಷ್ಟೇ ಸಾಕು. ಮಾತು ಬಾರದ ಕೂಸಾಗಿದ್ದಾಗ, ಹಸಿವಾ ಎಂದು ಕೇಳಿದರೆ ಹೀಗೆಯೇ ಎತ್ತುತ್ತಿದ್ದಳು.

“ಸಾಯೋಕೆ ಏನಾದ್ರೂ ದಾರಿ ನೋಡ್ಕೊಂಡಿದ್ದೀಯಾ?”

ಮತ್ತೆ ಹುಬ್ಬು ಮೇಲೇರಿತು.

“ಏನೂ ಹೇಳ್ತಿಲ್ಲ. ಸರಿ, ಇಲ್ಲ ಅಂತ ಬರ್ಕೋತೀನಿ.”

“ಹೌದು ಅಂದ್ಲು ಸಾರ್! ಎರಡಕ್ಕೂ ಹೌದು ಅಂತ ಹುಬ್ಬೆತ್ತಿದ್ಲು!”

“ನೀವು ತಾಯಿ, ಗಾಬರಿ ಆಗಿದ್ದೀರಿ. ಅವಳ ಬಾಯಿಂದ ಬರ್ಬೇಕಮ್ಮ.”

ನಾನು ಡೇರಿಲ್ ಕಡೆ ತಿರುಗಿದೆ. ದಿನಾ ಬೆಳಿಗ್ಗೆ ನಮ್ಮ ಹುಬ್ಬು ನೋಡಿಯೇ ಹಾಜರಿ ಹಾಕುವವನು ಅವನು. “ನೀವು ನೋಡಿದ್ರಲ್ಲ ಬಾಸ್, ಹೇಳಿ.”

ಅವನು ಫೋನಿನತ್ತ ಬಗ್ಗಿದ. “ನಾನೇನೂ ನೋಡ್ಲಿಲ್ಲ ಡಾಕ್ಟ್ರೇ. ಹುಡುಗಿ ಸುಮ್ನೆ ಕೂತವ್ಳೆ.”

“ನೀರು ಚೆನ್ನಾಗಿ ಕುಡೀಲಿ. ಮುಂದಿನ ವಾರ ಮಾತಾಡೋಣ.”

ಫೋನು ಕಟ್ಟಾಯಿತು.

“ನೀರು ನಲ್ಲೀಲಿ ಬರುತ್ತೆ, ಕುಡ್ಸು,” ಎಂದು ಡೇರಿಲ್ ನಕ್ಕ. “ನಡೀರಿ ಸಾಲಿಗೆ.”

ಮುಂದಿನ ವಾರ. ಅಲ್ಲಿಯವರೆಗೆ ನಾನು ಎಷ್ಟು ಕತ್ತರಿ ಬಚ್ಚಿಡಲಿ?

ಹೊರಗೆ ಟೊಮ್ಯಾಟೊ ಲಾರಿ ಪೇಟೆಗೆ ಹೊರಟು ನಿಂತಿತ್ತು. ಪೇಟೆಯ ಆಸ್ಪತ್ರೆಯ ಮುಂದೆಯೇ ಅದರ ದಾರಿ. ಮಗಳ ಕೈ ಹಿಡಿದು ಹೋಗಿ ಲಾರಿಯ ಎದುರು ನೆಲದ ಮೇಲೆ ಕೂತೆ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟಳು.

“ಇವಳನ್ನ ಆಸ್ಪತ್ರೆಗೆ ಬಿಡೋದಾದ್ರೆ ಲಾರಿ ಹೋಗ್ಲಿ. ಇಲ್ದಿದ್ರೆ ನಮ್ಮ ಮೇಲೆ ಹತ್ತಿಸ್ಕೊಂಡು ಹೋಗ್ಲಿ.”

ವಿಕಾ ಓಡಿಬಂದು ಪಕ್ಕದಲ್ಲಿ ಕೂತಳು. ಅವಳ ಹಿಂದೆ ಮತ್ತಿಬ್ಬರು.

“ಮಾಲು ಕೊಳೀತದೆ ಕಣ್ರೇ ಮುಂಡೇರಾ! ನಾಳೆನೇ ನಿಮ್ಮನ್ನೆಲ್ಲ ವಾಪಸ್ ಟೋಂಗಾಕ್ಕೆ ವಿಮಾನ ಹತ್ತಿಸ್ತೀನಿ!”

“ಕೊಳೀಲಿ ಬಿಡು,” ಎಂದಳು ವಿಕಾ.

ಡೇರಿಲ್ ಲಾರಿಯ ಬಾಗಿಲು ತೆಗೆದು ಡ್ರೈವರನ್ನು ಕೆಳಗೆಳೆದ. ತಾನೇ ಹತ್ತಿ ಕೂತು ಎಂಜಿನ್ ಶುರುಮಾಡಿದ. ಬಿಸಿಗಾಳಿ ಮುಖಕ್ಕೆ ಬಡಿಯಿತು. ಹಾರ್ನ್ ಕಿರುಚತೊಡಗಿತು.

ನಾನು ಎರಡೂ ಅಂಗೈಯಿಂದ ಮಗಳ ಕಿವಿ ಮುಚ್ಚಿದೆ.