ಹಗ್ಗದ ತಂಡದ ಕೆಂಪು ಕಾರು

ಬೇತ್ರಿ ಸೇತುವೆ ದಾಟಿ ಎರಡನೇ ತಿರುವಿಗೆ ಬರುವಷ್ಟರಲ್ಲಿ ಯಮುನಳಿಗೆ ರಸ್ತೆಯೇ ಕಾಣದಂತಾಯಿತು. ಹೊರಗೆ ಆಟಿ ತಿಂಗಳ ಮಳೆ. ಕಾರಿನೊಳಗೆ ಐದು ಜನ ಹೆಂಗಸರು, ಒಬ್ಬೊಬ್ಬರೂ ತಲೆಯಿಂದ ಪಾದದವರೆಗೆ ಒದ್ದೆ. ವಿರಾಜಪೇಟೆಯ ಗದ್ದೆಯೊಂದರಲ್ಲಿ ಹಗ್ಗಜಗ್ಗಾಟದ ಅಭ್ಯಾಸ ಮುಗಿಸಿ ಮೂರ್ನಾಡಿಗೆ ಮರಳುತ್ತಿದ್ದರು. ಅವರ ಉಸಿರೆಲ್ಲ ಹೋಗಿ ಮುಂದಿನ ಗಾಜಿಗೆ ಹಾಲಿನ ಕೆನೆಯಂತೆ ಹತ್ತಿಕೊಂಡಿತ್ತು. ಫ್ಯಾನನ್ನು ಪೂರ್ತಿ ತಿರುಗಿಸಿದರೂ ಬರುತ್ತಿದ್ದದ್ದು ನಾಲ್ಕು ಕಾಸಿನ ಗಾಳಿ, ಅದರ ಜೊತೆ ಹಳೇ ಗೋಣಿಚೀಲದ ವಾಸನೆ.

"ಒರೆಸಿ, ಒರೆಸಿ!" ಎಂದಳು ಯಮುನ. ಪಕ್ಕದಲ್ಲಿದ್ದ ಚಲುವಮ್ಮ ತನ್ನ ಟವೆಲಿನಿಂದ ಗಾಜು ತಿಕ್ಕಿದಳು. ಒರೆಸಿದಲ್ಲಿ ಒಂದು ಕ್ಷಣ ತೆರವಾಗಿ, ಮತ್ತೆ ಮುಚ್ಚಿತು. ಆ ಒಂದು ಕ್ಷಣದಲ್ಲೇ ಎದುರಿಗೆ ಲಾರಿಯ ಎರಡು ದೀಪಗಳು ಕಂಡವು. ಹಾರನ್ನಿನ ಸದ್ದಿಗೆ ಯಮುನಳ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಲಾರಿ ಒಂದು ಗೇಣು ಅಂತರದಲ್ಲಿ ಸರಿದುಹೋಯಿತು. ಆಮೇಲೆ ಮೂರ್ನಾಡಿನವರೆಗೆ ಎಲ್ಲ ಕಿಟಕಿ ಇಳಿಸಿಕೊಂಡು, ಮಳೆಯನ್ನು ಮೈಮೇಲೆ ಹೊಯ್ಯಿಸಿಕೊಂಡೇ ಬಂದರು.

ಯಮುನ ಮೂರ್ನಾಡು ಪೇಟೆಯಲ್ಲಿ ಟೈಲರು. ನಲವತ್ತೇಳನೇ ವಯಸ್ಸಿಗೆ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡವಳು. ಈ ಕೆಂಪು ಕಾರು ಬೇರೆಯವರ ಕೈಯಲ್ಲಿ ಏಳು ವರ್ಷ ಓಡಿ ಅವಳ ಅಂಗಳಕ್ಕೆ ಬಂದದ್ದು. ತಂಡದ ಐದು ಜನ ಹೋಗುವುದು ಇದರಲ್ಲೇ, ಉಳಿದವರು ಕ್ಯಾಪ್ಟನ್ ಮೋನಿಷಾಳ ಅಣ್ಣನ ಜೀಪಿನಲ್ಲಿ. ಬರುವ ಭಾನುವಾರ ಪೊನ್ನಂಪೇಟೆಯಲ್ಲಿ ಕೆಸರುಗದ್ದೆ ಕ್ರೀಡಾಕೂಟ. ಮೂರು ವರ್ಷ ಹಗ್ಗ ಎಳೆದರೂ ಈ ತಂಡ ಮೊದಲ ಸುತ್ತು ದಾಟಿದ್ದಿಲ್ಲ. ಈ ಸಲ ದಾಟಿಯೇ ದಾಟುತ್ತೇವೆ ಅನ್ನುವ ಬಿಸಿ ಎಲ್ಲರಲ್ಲೂ ಇತ್ತು.

ಮೆಕ್ಯಾನಿಕ್ ರವಿಗೆ ಫೋನ್ ಮಾಡಿದರೆ ಅವನು ಊರಿಗೆ ನಾಟಿಗೆ ಹೋಗಿದ್ದ. ವಾಸನೆ, ಗಾಳಿ ಎಲ್ಲ ಕೇಳಿಕೊಂಡು, "ಅದು ಎಸಿ ಫಿಲ್ಟರು ಅಕ್ಕ. ಗ್ಲೋವ್ ಬಾಕ್ಸಿನ ಹಿಂದೆ ಇರ್ತದೆ. ಕಟ್ಟಿಹೋಗಿದೆ. ಮಂಗಳವಾರ ಬಂದು ಹಾಕಿಕೊಡ್ತೇನೆ" ಎಂದ.

"ಭಾನುವಾರ ಆಟ, ರವಿ."

"ಹಂಗಾರೆ ಬಾಡಿಗೆ ಗಾಡಿ ನೋಡಿ."

ಬಾಡಿಗೆ ಗಾಡಿ ಒಂದೂ ಇರಲಿಲ್ಲ. ಎಲ್ಲವೂ ಅದೇ ಕ್ರೀಡಾಕೂಟಕ್ಕೆ ಹೊರಟಿದ್ದವು. ಲಾರಿಯ ವಿಷಯ ತಿಳಿದ ಮೋನಿಷಾ ಫೋನಿನಲ್ಲಿ, "ಅಕ್ಕ, ಆ ಗಾಜು ಹಾಗೇ ಇದ್ದರೆ ನಾನು ಯಾರನ್ನೂ ನಿಮ್ಮ ಕಾರು ಹತ್ತಿಸುವುದಿಲ್ಲ. ತಂಡ ಹೋಗದಿದ್ದರೂ ಅಡ್ಡಿಯಿಲ್ಲ" ಎಂದುಬಿಟ್ಟಳು. ಹೈಸ್ಕೂಲಿನ ಪಿಟಿ ಟೀಚರು, ಹೇಳಿದರೆ ಹೇಳಿದ ಹಾಗೆ. ಯಮುನಳಿಗೆ ಅವಮಾನವೂ ಆಯಿತು, ಅವಳು ಹೇಳಿದ್ದು ಸರಿ ಎಂದೂ ಅನ್ನಿಸಿತು.

ಅಂದು ಸಂಜೆ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಹಲ್ಲಿನ ತಟ್ಟೆ ಬಿಚ್ಚಿ, ಕೆಳಗೆ ಸೇರಿದ ನೂಲಿನ ಹಿಟ್ಟನ್ನು ಬ್ರಶ್ಶಿನಿಂದ ತೆಗೆಯುತ್ತಿದ್ದಾಗ ಅವಳ ಕೈ ನಿಂತಿತು. ಇಪ್ಪತ್ತು ವರ್ಷದಿಂದ ಈ ಯಂತ್ರಕ್ಕೆ ಮೆಕ್ಯಾನಿಕ್ಕನ್ನು ಕರೆದದ್ದೇ ಇಲ್ಲ. ಕಟ್ಟಿದರೆ ಬಿಚ್ಚುವುದು, ಹಿಟ್ಟು ತೆಗೆಯುವುದು, ಎಣ್ಣೆ ಬಿಟ್ಟು ಮುಚ್ಚುವುದು. ಕಾರಿನದ್ದೂ ಅಷ್ಟೇ ಇದ್ದೀತಲ್ಲ?

ಗಂಡ ಬೊಳ್ಳಪ್ಪನಿಗೆ ಹೇಳಿದಾಗ ಅವನು ಕಾಫಿ ಲೋಟ ಕೆಳಗಿಟ್ಟ. "ಬಿಚ್ಚುವುದು ಯಾರೂ ಬಿಚ್ಚಬಹುದು. ತಿರುಗಿ ಜೋಡಿಸುವುದು ಯಾರು?"

"ನಾನು."

"ನಿಂಗೆ ಗೊತ್ತುಟ್ಟಾ?" ಗೊತ್ತಿದೆಯಾ ಎಂದು ಮನೆಯ ಅರೆಭಾಷೆಯಲ್ಲಿ ಕೇಳಿದ.

"ಇಲ್ಲ. ವಿಡಿಯೋ ಉಟ್ಟು."

ಬೊಳ್ಳಪ್ಪ ಲೋಟ ಎತ್ತಿ ಉಳಿದ ಕಾಫಿ ಕುಡಿದ. ಆದರೆ ಶನಿವಾರ ಮಡಿಕೇರಿಗೆ ಹೋದವನು ಮೂರು ಗಂಟೆಗೆ ಮರಳುವಾಗ ಕಂಕುಳಲ್ಲಿ ಚಪ್ಪಟೆಯ ಪೆಟ್ಟಿಗೆಯೊಂದಿತ್ತು. "ಕಾರಿನ ನಂಬರು ಹೇಳಿದೆ, ಇದನ್ನು ಕೊಟ್ಟರು" ಎಂದು ಜಗಲಿಯ ಮೇಲಿಟ್ಟು ಬಟ್ಟೆ ಬದಲಿಸಲು ಒಳಗೆ ಹೋದ.

ಯಮುನ ಪೆಟ್ಟಿಗೆ ಒಡೆದಳು. ಒಳಗೆ ಹಾಲು ಬಿಳುಪಿನ ಹಾಳೆ, ಸೀರೆಯ ನೆರಿಗೆಯ ಹಾಗೆ ಒತ್ತೊತ್ತಾಗಿ ಮಡಚಿದ್ದು. ಇಷ್ಟೇನಾ? ಅವಳಿಗೆ ಎದೆ ಹಗುರವಾಯಿತು. ಟೈಲರಿಂಗ್ ಡಬ್ಬಿ, ಟಾರ್ಚು, ಒದ್ದೆ ಬಟ್ಟೆ ಎತ್ತಿಕೊಂಡು ಶೆಡ್ಡಿಗೆ ನಡೆದಳು. ಅಷ್ಟು ಹೊತ್ತಿಗೆ ಜೆರ್ಸಿ ಅಳತೆ ಸರಿ ಮಾಡಿಸಲು ಚಲುವಮ್ಮ ಬಂದಳು. ಬಸ್ ಸ್ಟ್ಯಾಂಡಿನ ಕ್ಯಾಂಟೀನು ನಡೆಸುವ ಚಲುವಮ್ಮ ತಂಡದ ಕೊನೆಯಾಳು, ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕಲ್ಲಿನ ಕಂಬದಂತೆ ನಿಲ್ಲುವವಳು.

"ನಾನೂ ನೋಡ್ತೇನೆ ಯಮುನಕ್ಕ" ಎಂದು ಅವಳು ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಳು.

ವಿಡಿಯೋದಲ್ಲಿ ಹುಡುಗನೊಬ್ಬ ಹಿಂದಿಯಲ್ಲಿ ಹೇಳುತ್ತಿದ್ದ. ಮೊದಲು ಗ್ಲೋವ್ ಬಾಕ್ಸ್ ಖಾಲಿ ಮಾಡಿ. ಯಮುನ ಇನ್ಶೂರೆನ್ಸ್ ಕಾಗದ, ಬಾಚಣಿಗೆ, ಅರ್ಧ ಪ್ಯಾಕೆಟ್ ಶುಂಠಿ ಮಿಠಾಯಿ ಹೊರಗಿಟ್ಟಳು. ಬಲಗಡೆ ಬಾಕ್ಸನ್ನು ಹಿಡಿದಿರುವ ದಾರ ಕಳಚಿ. ಕಳಚಿದಳು. ಎರಡು ಬದಿಯನ್ನೂ ಒಳಕ್ಕೆ ಒತ್ತಿ... ಅಲ್ಲಿಗೆ ಹುಡುಗ ಬಾಯಿ ತೆರೆದುಕೊಂಡು ನಿಂತ. ನೆಟ್‌ವರ್ಕ್ ಹೋಗಿತ್ತು.

ಚಲುವಮ್ಮ ಫೋನು ಹಿಡಿದು ಶೆಡ್ಡಿನ ಸುತ್ತ ಒಂದು ಸುತ್ತು ಬಂದಳು, ಕಾಫಿ ಕಣದವರೆಗೂ ಹೋದಳು. ಒಂದು ಕಡ್ಡಿಯೂ ಬರಲಿಲ್ಲ.

"ಇರಲಿ ಬಾ. ಒಳಕ್ಕೆ ಒತ್ತಬೇಕು ಅಂದ. ಒತ್ತುವಾ."

ಒತ್ತಿದಳು. ಪ್ಲಾಸ್ಟಿಕ್ಕು ಕಿರಕ್ ಎಂದಿತು. ಮುರಿಯಿತು ಎಂದುಕೊಂಡು ಕಣ್ಣು ಮುಚ್ಚಿದಳು. ಮುರಿದಿರಲಿಲ್ಲ. ಇಡೀ ಬಾಕ್ಸ್ ಕೆಳಗೆ ಜೋತುಬಿದ್ದು, ಹಿಂದೆ ಕಪ್ಪಗೆ ಉದ್ದನೆಯ ಮುಚ್ಚಳವೊಂದು ಕಾಣಿಸಿತು. ಟಾರ್ಚ್ ಬಿಟ್ಟು ನೋಡಿದರೆ ಎರಡು ತುದಿಗೂ ಸಣ್ಣ ಕೊಕ್ಕೆ. ಹೊಲಿಗೆ ಯಂತ್ರದ ಬಾಬಿನ್ ಕೇಸಿನ ಕೊಕ್ಕೆಯಂಥದ್ದೇ! ಹೆಬ್ಬೆರಳಿನ ಉಗುರು ಕೊಟ್ಟು ಎಬ್ಬಿಸಿದಳು. ಟಕ್, ಟಕ್. ಮುಚ್ಚಳ ಕೈಗೆ ಬಂತು.

"ಬಂತು ಚಲುವಮ್ಮ! ಬಂತು ನೋಡು!"

ಗೋಣಿಯ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಒಳಗಿದ್ದದ್ದು ಫಿಲ್ಟರು ಅನ್ನುವಂತಿರಲಿಲ್ಲ. ಮಣ್ಣಿನ ಬಣ್ಣದ ಒಂದು ಹಲಗೆ. ಅದರ ಅಂಚು ಹಿಡಿದು ಮೆಲ್ಲಗೆ ಎಳೆದಳು. ಅರ್ಧ ಬಂದದ್ದು ಸಿಕ್ಕಿಕೊಂಡಿತು. ಇನ್ನೊಂದು ಸಲ ಎಳೆದದ್ದೇ ತಡ, ಒಳಗಿಂದ ಏನೋ ಬೂದುಬಣ್ಣದ್ದು ಚಂಗನೆ ಹಾರಿ, ಯಮುನಳ ಮೊಣಕೈ ಮೇಲಿಂದ ಓಡಿ, ನೇರ ಚಲುವಮ್ಮನ ಮಡಿಲಿಗೆ ಬಿತ್ತು.

ಇಲಿ!

ಚಲುವಮ್ಮ ಕಿರುಚಿದ ಕಿರುಚಿಗೆ ಬೊಳ್ಳಪ್ಪ ಒಳಗಿನಿಂದ ಬನಿಯನ್ನಿನಲ್ಲೇ ಓಡಿಬಂದ. ಅಷ್ಟರಲ್ಲಿ ಚಲುವಮ್ಮ ಅಂಗಳ ದಾಟಿ ಕಣದ ಕಟ್ಟೆ ಹತ್ತಿ ನಿಂತಾಗಿತ್ತು. ಎದುರು ತಂಡದ ಏಳು ಜನರಿಗೆ ಜಗ್ಗದವಳು! ಇಲಿ ಕಾಫಿ ಗಿಡಗಳ ಕಡೆಗೆ ಮಾಯವಾಯಿತು. ಯಮುನ ನಕ್ಕಳು. ನಕ್ಕು ನಕ್ಕು ಕಾರಿನ ಸೀಟಿಗೆ ಹಣೆ ಒರಗಿಸಿಕೊಂಡಳು. ಬೊಳ್ಳಪ್ಪನಿಗೂ ನಗು ತಡೆಯಲಾಗಲಿಲ್ಲ.

ಫಿಲ್ಟರಿನ ಮೇಲೆ ಅಂಗೈಯಗಲದ ಗೂಡಿತ್ತು. ಒಣಗಿದ ಎಲೆ, ಕಾಫಿ ಸಿಪ್ಪೆ, ಸೀಟಿನ ಸ್ಪಂಜು, ಅದರ ನಡುವೆ ಬಣ್ಣಬಣ್ಣದ ಬಟ್ಟೆಯ ಚೂರು. ಯಮುನ ಒಂದೊಂದನ್ನೇ ಚಿಮುಟದಲ್ಲಿ ಎತ್ತಿದಳು. "ಅಯ್ಯೋ, ಇದು ಪೋಸ್ಟಾಫೀಸಿನ ಪ್ರಿಯಾಳ ಹಸಿರು ಬ್ಲೌಸಿನದ್ದು. ಇದು ಮುತ್ತಿಯಕ್ಕನ ಮೊಮ್ಮಗಳ ಲಂಗದ್ದು." ಡಿಕ್ಕಿಯಲ್ಲಿಟ್ಟ ಬಟ್ಟೆಚೂರಿನ ಚೀಲಕ್ಕೆ ಬಾಯಿ ಹಾಕಿ ಇಲಿ ಒಳ್ಳೆ ಹಾಸಿಗೆಯನ್ನೇ ಮಾಡಿಕೊಂಡಿತ್ತು. ಪುಣ್ಯಕ್ಕೆ ಮರಿಗಳಿರಲಿಲ್ಲ.

ಗೂಡು ಕಿತ್ತು, ಒದ್ದೆ ಬಟ್ಟೆಯಿಂದ ಒಳಗೆಲ್ಲ ಒರೆಸಿದಳು. ಕಟ್ಟೆ ಇಳಿದು ಬಂದ ಚಲುವಮ್ಮ ತಾನೂ ಏನಾದರೂ ಮಾಡಬೇಕೆಂದು, "ಫ್ಯಾನ್ ಹಾಕಿದರೆ ಉಳಿದ ಕಸ ಹಾರಿಹೋಗ್ತದಲ್ಲ" ಎಂದು ಕೀ ತಿರುಗಿಸಿ ಗುಂಡಿ ಒತ್ತಿಯೇಬಿಟ್ಟಳು.

ಟರ್‍ರ್‍ರ್‍ರ್!

"ನಿಲ್ಸು!" ಯಮುನ ಕೂಗಿದಳು. ಸದ್ದು ನಿಂತಿತು. ಟಾರ್ಚ್ ಬಿಟ್ಟು ಬಗ್ಗಿ ನೋಡಿದಳು. ಫಿಲ್ಟರು ಕೂರುವ ಜಾಗದ ಕೆಳಗೆ ಫ್ಯಾನಿನ ರೆಕ್ಕೆಗಳು, ಆ ರೆಕ್ಕೆಗಳ ನಡುವೆ ಮುತ್ತಿಯಕ್ಕನ ಮೊಮ್ಮಗಳ ಕೆಂಪು ಲಂಗದ ಒಂದು ಪಟ್ಟಿ ಸುತ್ತಿಕೊಂಡಿತ್ತು.

ಚಲುವಮ್ಮನ ಮುಖ ಬಾಡಿತು. "ಹಾಳು ಮಾಡಿದೆನಾ ಅಕ್ಕ?"

"ಇಲ್ಲ ಬಿಡು." ಆದರೆ ಯಮುನಳಿಗೆ ಧೈರ್ಯವಿರಲಿಲ್ಲ. ಬೆಳಗ್ಗೆ ಏಳಕ್ಕೆ ಹೊರಡಬೇಕು, ಕಾರಿನ ಮುಖ ಅರ್ಧ ಬಿಚ್ಚಿ ಬಿದ್ದಿದೆ. ಅವಳು ಕಾರಿನ ಕೀ ತೆಗೆದು ಬೊಳ್ಳಪ್ಪನ ಕೈಗೆ ಕೊಟ್ಟಳು. "ಯಾರಿಗೂ ಕೊಡಬೇಡಿ."

ಬೊಳ್ಳಪ್ಪ ಟಾರ್ಚ್ ಹಿಡಿದ. ಯಮುನ ಪಾದ ಇಡುವ ಜಾಗದಲ್ಲಿ ಮಂಡಿಯೂರಿ, ಭುಜದವರೆಗೆ ಕೈ ಒಳಗೆ ಹಾಕಿದಳು. ಕಣ್ಣಿಗೆ ಏನೂ ಕಾಣದು. ಬೆರಳು ಮಾತ್ರ ಹುಡುಕಬೇಕು. ಸೂಜಿಯ ಕೆಳಗೆ ಸಿಕ್ಕಿದ ದಾರ ಬಿಡಿಸುವಾಗ ಎಳೆಯಬಾರದು, ಚಕ್ರವನ್ನೇ ಹಿಂದಕ್ಕೆ ತಿರುಗಿಸಬೇಕು. ಅವಳು ಫ್ಯಾನಿಗೆ ಬೆರಳು ಕೊಟ್ಟು ನಿಧಾನ ಹಿಂದಕ್ಕೆ ತಿರುಗಿಸಿದಳು. ಪಟ್ಟಿ ಸಡಿಲವಾಯಿತು. ಚಿಮುಟಕ್ಕೆ ತುದಿ ಸಿಕ್ಕಿತು. ಇನ್ನೊಂದು ಸುತ್ತು. ಇನ್ನೊಂದು. ಪೂರ್ತಿ ಹೊರಬಂತು, ಗೇಣುದ್ದ ಇತ್ತು.

"ಭಲೇ!" ಎಂದ ಬೊಳ್ಳಪ್ಪ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವನ ಬಾಯಲ್ಲಿ ಆ ಮಾತು ಅವಳು ಕೇಳಿರಲಿಲ್ಲ.

ಹೊಸ ಫಿಲ್ಟರಿನ ಅಂಚಿನಲ್ಲಿ ಒಂದು ಬಾಣದ ಗುರುತಿತ್ತು. ಮೇಲಕ್ಕೋ ಕೆಳಕ್ಕೋ?

"ಗಾಳಿ ಮುಖಕ್ಕೆ ಬರುವುದಲ್ವಾ, ಹಾಗಾದರೆ ಮೇಲಕ್ಕೆ" ಎಂದಳು ಚಲುವಮ್ಮ. ಬೊಳ್ಳಪ್ಪ ಮಡಿಕೇರಿಯ ಅಂಗಡಿಗೆ ಫೋನ್ ಮಾಡಲು ಹೋದ, ನೆಟ್‌ವರ್ಕ್ ಇಲ್ಲದ್ದು ನೆನಪಾಗಿ ಫೋನು ಜೇಬಿಗೆ ಹಾಕಿದ. ಯಮುನ ಹಳೆಯದನ್ನು ಕೈಗೆತ್ತಿಕೊಂಡಳು. ಮೇಲಿನ ಬದಿ ಮಣ್ಣು, ಎಲೆ, ಗೂಡಿನ ಗುರುತು. ತಿರುಗಿಸಿದರೆ ಕೆಳಗಿನ ಬದಿ ಬರೀ ಮಾಸಲು.

"ಗಾಳಿ ಮೇಲಿಂದ ಬಂದಿದೆ. ಕೊಳೆ ಮೇಲೆ ನಿಂತಿದೆ, ಸೋಸಿದ್ದು ಕೆಳಗೆ ಫ್ಯಾನಿಗೆ ಹೋಗಿದೆ. ಕಾಫಿ ಸೋಸಿದ ಹಾಗೆ." ಬಾಣವನ್ನು ಕೆಳಮುಖ ಮಾಡಿ ಒಳಗೆ ತಳ್ಳಿದಳು. ಮುಚ್ಚಳ ಟಕ್, ಟಕ್. ಬಾಕ್ಸ್ ಎತ್ತಿ ಒತ್ತಿದಳು. ದಾರ ಸಿಕ್ಕಿಸಲು ಮರೆತದ್ದರಿಂದ ಅದು ದಡಾರನೆ ಚಲುವಮ್ಮನ ಮಂಡಿಯ ಮೇಲೆ ಬಿತ್ತು. "ಇಲಿಗಿಂತ ಇದು ವಾಸಿ" ಎಂದು ಅವಳು ಮಂಡಿ ತಿಕ್ಕಿಕೊಂಡಳು.

ದಾರ ಸಿಕ್ಕಿಸಿಯೂ ಆಯಿತು. ಬೊಳ್ಳಪ್ಪ ಕೀ ಕೊಟ್ಟ. ಫ್ಯಾನ್ ಹಾಕಿದಾಗ ಬಂದ ಗಾಳಿಗೆ ಯಮುನಳ ಮುಂಗೂದಲು ಹಿಂದಕ್ಕೆ ಹಾರಿತು. ಡ್ಯಾಶ್‌ಬೋರ್ಡಿನ ಮೇಲಿದ್ದ ಮಿಠಾಯಿ ಕಾಗದ ಹಿಂದಿನ ಸೀಟಿಗೆ ಹೋಗಿ ಬಿತ್ತು. ವಾಸನೆ ಇರಲಿಲ್ಲ. ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಐದು ಜನರ ಜೀವ ಕೂರಿಸಿಕೊಂಡು ಹೋಗುವವಳು ಅವಳು.

"ಗಾಜು ಮಂಜು ಕಟ್ಟಿಸಿ ನೋಡಬೇಕು" ಎಂದಳು.

ಚಲುವಮ್ಮ ಒಲೆಯ ಮೇಲಿದ್ದ ಗಂಜಿಯ ಪಾತ್ರೆಯನ್ನೇ ಎತ್ತಿಕೊಂಡು ಬಂದಳು. ಮೂವರೂ ಕಾರು ಹತ್ತಿ, ಕಿಟಕಿ ಏರಿಸಿ, ಕುದಿಯುವ ಗಂಜಿಯನ್ನು ಬೊಳ್ಳಪ್ಪನ ಮಡಿಲಲ್ಲಿ ಗೋಣಿ ಮಡಚಿ ಇಟ್ಟರು. ಮುಚ್ಚಳ ತೆಗೆದ ಅರ್ಧ ನಿಮಿಷಕ್ಕೆ ಶೆಡ್ಡೂ ಕಾಣಲಿಲ್ಲ, ಅಂಗಳವೂ ಕಾಣಲಿಲ್ಲ. ಸುತ್ತಲೂ ಬಿಳಿ.

"ಬೇಗ ಮಾಡು, ತೊಡೆ ಬೇಯ್ತಾ ಉಟ್ಟು" ಎಂದ ಬೊಳ್ಳಪ್ಪ ಬೆವರು ಸುರಿಸುತ್ತ.

ಯಮುನ ಇಂಜಿನ್ ಚಾಲೂ ಮಾಡಿದಳು. ಹೊರಗಿನ ಗಾಳಿಗೆ ಗುಂಡಿ ತಿರುಗಿಸಿ, ಎಸಿ ಹಾಕಿ, ಗಾಳಿಯನ್ನು ಗಾಜಿನ ಕಡೆಗೆ ಬಿಟ್ಟಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗಾಜಿನ ಬುಡದಲ್ಲಿ ಬೆರಳಿನಗಲ ತೆರವಾಯಿತು. ಅಂಗೈಯಗಲ. ಮೊರದಗಲ. ಮೊದಲು ಅಂಗಳದ ಕಲ್ಲು ಕಂಡಿತು, ಆಮೇಲೆ ತುಳಸಿಕಟ್ಟೆ, ಆಮೇಲೆ ಕಾಫಿ ಗಿಡ, ಅದರಾಚೆ ಗೇಟು, ಗೇಟಿನಾಚೆ ರಸ್ತೆ.

ಚಲುವಮ್ಮ ಹಿಂದಿನ ಸೀಟಿನಲ್ಲಿ ಕೂತಲ್ಲೇ ಕುಣಿದಳು, ಕಾರು ಅಲ್ಲಾಡಿತು, ಗಂಜಿ ಚೆಲ್ಲಿತು, ಬೊಳ್ಳಪ್ಪ ಬಾಗಿಲು ತೆಗೆದು ಹೊರಗೆ ಹಾರಿದ. ಯಮುನ ಮಾತ್ರ ಸ್ಟೀರಿಂಗ್ ಹಿಡಿದು ರಸ್ತೆಯನ್ನೇ ನೋಡುತ್ತ ಕೂತಿದ್ದಳು. ಕಣ್ಣಲ್ಲಿ ನೀರು ಬಂದದ್ದು ಗಂಜಿಯ ಹಬೆಗಲ್ಲ.

ಮರುದಿನ ಬೆಳಗ್ಗೆ ಮೋನಿಷಾ ತಾನೇ ಬಂದು ಮುಂದಿನ ಸೀಟಿನಲ್ಲಿ ಕೂತಳು. ವಿರಾಜಪೇಟೆ ದಾಟಿದ ಮೇಲೆ ಮಳೆ ಬಕೆಟ್ಟಿನಲ್ಲಿ ಹೊಯ್ದಂತೆ ಬಂತು. ಹಿಂದೆ ಮೂವರು ಒಂದೇ ಸಮ ಮಾತಾಡುತ್ತಿದ್ದರು. ಮೋನಿಷಾ ಗಾಜನ್ನೇ ನೋಡುತ್ತಿದ್ದಳು. ಗೋಣಿಕೊಪ್ಪದ ಹತ್ತಿರ, "ಅಕ್ಕ, ನಮ್ಮಣ್ಣನ ಜೀಪಿಗೂ ಇದು ಮಾಡಿಕೊಡ್ತೀರಾ?" ಎಂದಳು.

"ಆ ಹಳೇ ಜೀಪಿಗೆ ಫಿಲ್ಟರು ಎಲ್ಲಿಂದ? ಬಾಗಿಲೇ ಇಲ್ವಲ್ಲ!" ಎಂದಳು ಯಮುನ. ಕಾರು ತುಂಬ ನಗು.

ಒಂಬತ್ತಕ್ಕೆ ಮೊದಲೇ ಪೊನ್ನಂಪೇಟೆ ಮುಟ್ಟಿ ಹೆಸರು ಬರೆಸಿದರು. ಮೊದಲ ಸುತ್ತು ಗೆದ್ದಾಗ ಯಾರಿಗೂ ನಂಬಿಕೆಯಾಗಲಿಲ್ಲ. ಎರಡನೆಯದನ್ನೂ ಗೆದ್ದರು. ಸೆಮಿಫೈನಲಿನಲ್ಲಿ ಚಲುವಮ್ಮ ಕೆಸರಲ್ಲಿ ಮೊಣಕಾಲವರೆಗೆ ಹೂತು ನಿಂತಳು, ಏಳು ಜನ ಎಳೆದರೂ ಮಿಸುಕಲಿಲ್ಲ. ಫೈನಲಿನಲ್ಲಿ ಎದುರಿಗೆ ಬಾಳೆಲೆ ಊರಿನ ತಂಡ. ಮುಂದಾಳು ಸಣ್ಣಿ ಎಂಬ ತೆಳ್ಳಗಿನ ಹೆಂಗಸು, ಎಸ್ಟೇಟಿನಲ್ಲಿ ಕೆಲಸ, ಕೈಗಳು ಮಾತ್ರ ಕಬ್ಬಿಣ. ಮೊದಲ ಎಳೆತ ಮೂರ್ನಾಡಿಗೆ, ಎರಡನೆಯದು ಬಾಳೆಲೆಗೆ. ಮೂರನೆಯದರಲ್ಲಿ ಹಗ್ಗ ಬಹಳ ಹೊತ್ತು ನಡುವೆಯೇ ನಡುಗುತ್ತಿತ್ತು. ಕೊನೆಗೆ ಯಮುನಳ ಕಾಲು ಜಾರಿತು, ಹಿಂದಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಬಾಳೆಲೆ ಗೆದ್ದಿತು.

ಕೆಸರಲ್ಲಿ ಮುಖವೆಲ್ಲ ಮುಚ್ಚಿಹೋದ ಯಮುನಳ ಮುಂದೆ ಒಂದು ಕೈ ಚಾಚಿತು. ಸಣ್ಣಿಯದು. ಎಳೆದು ನಿಲ್ಲಿಸಿ, "ಬಿಡ್ತೀರಾ ಅಂತ ನೋಡಿದೆ, ನೀವು ಬಿಡಲೇ ಇಲ್ಲವಲ್ಲ ಅಕ್ಕ. ನನ್ನ ಕೈಯೇ ಬಿದ್ದುಹೋಯ್ತು" ಎಂದಳು.

"ಬರುವ ವರ್ಷ ನೋಡು" ಎಂದಳು ಯಮುನ, ಬಾಯಿಂದ ಕೆಸರು ಉಗಿಯುತ್ತ.

"ಬರುವ ವರ್ಷ ಯಾಕೆ? ಮುಂದಿನ ಭಾನುವಾರ ಬಾಳೆಲೆಯಲ್ಲೇ ಆಟ ಇದೆ. ಬರ್ತೀರಾ?"

ಯಮುನ ತಿರುಗಿ ಮೋನಿಷಾಳನ್ನು ನೋಡಿದಳು. ಮೋನಿಷಾ ಚಲುವಮ್ಮನನ್ನು ನೋಡಿದಳು. ಚಲುವಮ್ಮ ಇನ್ನೂ ಕೆಸರಿನಲ್ಲೇ ಕೂತಿದ್ದಳು, ಎರಡೂ ಕೈ ಮೇಲಕ್ಕೆತ್ತಿ, "ಬರ್ತೇವೆ!" ಎಂದು ಕೂಗಿದಳು.