ಮೈಕು ಕೈಕೊಟ್ಟ ಸಂಗತಿ

ನನ್ನ ಹೆಂಡತಿ ಓರ್ಫೆಲಿಂಡಾ ಯಾರನ್ನೂ ನಂಬುವುದಿಲ್ಲ. ದೂರು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಪೆರುವಿನ ಎತ್ತರದ ಬೆಟ್ಟಗಳಲ್ಲಿರುವ ನಮ್ಮೂರು ಪಾಯಮಾರ್ಕದಲ್ಲಿ ಅನುಮಾನ ಪಡುವುದೂ ಒಂದು ಉದ್ಯೋಗವೇ. ಹಿಂದೆ ದನಗಳ್ಳರ ಕಾಟ ತಾಳಲಾರದೆ, ಪೊಲೀಸರ ದಾರಿ ಕಾದು ಕಾದು ಸಾಕಾಗಿ, ನಮ್ಮ ಹಿರಿಯರು ತಾವೇ ಸರದಿಯ ಮೇಲೆ ಊರು ಕಾಯಲು ಶುರು ಮಾಡಿದರು. ಅದಕ್ಕೆ ರೋಂಡಾ ಎನ್ನುತ್ತೇವೆ. ಹೆಂಗಸರ ರೋಂಡಾಕ್ಕೆ ಇವಳೇ ಮುಖ್ಯಸ್ಥೆ. ನಾನು ಹುಲ್ಲಿನ ಟೋಪಿ ಹೆಣೆಯುವವನು. ಸಂತೆಯಿಂದ ಬರುವುದು ಸ್ವಲ್ಪ ತಡವಾದರೂ ನನ್ನ ಬಾಯಿ ಮೂಸಿ ನೋಡದೆ ಒಳಗೆ ಬಿಡುವುದಿಲ್ಲ.

ಯಾರ ಮೇಲಾದರೂ ದೂರು ಬಂದರೆ ಚೌಕದಲ್ಲಿ ಸಭೆ ಸೇರುತ್ತದೆ. ಕೇಳಿದ ಪ್ರಶ್ನೆಗೆ ಬಾಯಿ ಬಿಡದವನೇ ತಪ್ಪಿತಸ್ಥ. ಸುಳ್ಳು ದೂರು ಕೊಟ್ಟವರಿಗೂ ಅದೇ ಶಿಕ್ಷೆ. ಚಾವಟಿ ಹಿಡಿಯುವುದು ತಪ್ಪು ಮಾಡಿದವನ ತಾಯಿ, ಯಾಕೆಂದರೆ ತಾಯಿಯ ಏಟಿಗೆ ಯಾರೂ ಸೇಡು ಇಟ್ಟುಕೊಳ್ಳುವುದಿಲ್ಲ. ಇಷ್ಟೇ ನಮ್ಮ ಕಾನೂನು. ರಾಜಧಾನಿ ಲಿಮಾದಲ್ಲಿರುವ ದಪ್ಪ ಕಾನೂನು ಪುಸ್ತಕಗಳ ಮೇಲೆ ನಮಗೆ ಯಾವತ್ತೂ ನಂಬಿಕೆ ಇಲ್ಲ.

ಈ ಸಲ ರಾಷ್ಟ್ರಾಧ್ಯಕ್ಷರ ಚುನಾವಣೆಯಲ್ಲಿ ಕೊನೆಯ ಸುತ್ತಿಗೆ ಇಬ್ಬರು ಉಳಿದರು. ಒಬ್ಬ ಲಿಮಾದ ಇಂಜಿನಿಯರ್ ಎಚೆಗಾರೆ. ಇನ್ನೊಬ್ಬಳು ನಮ್ಮೂರಲ್ಲೇ ಹುಟ್ಟಿ, ಕರಾವಳಿಯಲ್ಲಿ ಓದಿ ದೊಡ್ಡವಳಾದ ನೆಲಿಡಾ ವಕೀಲಮ್ಮ. ಅವರಿಬ್ಬರ ಚರ್ಚೆ ನಮ್ಮ ಚೌಕದಲ್ಲೇ ನಡೆಯಬೇಕೆಂದು ತೀರ್ಮಾನವಾಯಿತು. ಇಡೀ ಪೆರು ಟೀವಿಯಲ್ಲಿ ನಮ್ಮ ಇಗರ್ಜಿಯ ಗೋಡೆ ನೋಡುತ್ತದೆಂದು ಸುಣ್ಣ ಹೊಡೆಸಿದೆವು. ಚೌಕದಲ್ಲಿ ಎದುರುಬದುರು ನಿಂತರೆ ಸುಳ್ಳನ ಬಾಯಿ ಕಟ್ಟುತ್ತದೆ ಎಂದು ಚಿಕ್ಕಂದಿನಿಂದ ನೋಡಿದವರು ನಾವು. ಇಂಜಿನಿಯರಿಗೆ ನಮ್ಮ ಎತ್ತರಕ್ಕೆ ಮೊದಲೇ ಉಸಿರು ಕಟ್ಟುತ್ತದೆ, ಆಮೇಲೆ ಬಾಯಿ ಕಟ್ಟುತ್ತದೆ ಎಂದು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೆ. ವಕೀಲಮ್ಮ ಗೆಲ್ಲುವುದರಲ್ಲಿ ಎಷ್ಟು ಖಾತ್ರಿಯಿತ್ತೆಂದರೆ, ಅವಳಿಗಾಗಿ ನನ್ನ ಕೈಯಿಂದ ಆದ ಅತ್ಯಂತ ನಯವಾದ ಟೋಪಿ ಹೆಣೆದುಕೊಟ್ಟೆ.

ಗೆಲುವು ನಮ್ಮದೇ, ಮೋಸವಾಗದಿದ್ದರೆ ಸಾಕು ಎನ್ನುವುದಷ್ಟೇ ಓರ್ಫೆಲಿಂಡಾಳ ಚಿಂತೆ. ವೇದಿಕೆಯ ಕಾವಲು ಅವಳದೇ. ಲಿಮಾದಿಂದ ಬಂದ ಕುರ್ಚಿಗಳನ್ನು ತಲೆಕೆಳಗು ಮಾಡಿ ನೋಡಿದಳು. ಟೀವಿಯವರ ಚೀಲಗಳನ್ನೆಲ್ಲ ಕೊಡವಿಸಿದಳು. ಇಂಜಿನಿಯರ್ ಮೆಟ್ಟಿಲ ಹತ್ತಿರ ಬಂದಾಗ ಕೋಲು ಅಡ್ಡ ಹಿಡಿದಳು.

"ಕಿವಿ ತೋರ್ಸಿ ಸಾರ್."

"ಯಾಕಮ್ಮ?"

"ಒಳಗೆ ಯಾರಾದ್ರೂ ಕೂತು ಹೇಳಿಕೊಡ್ತಿದ್ರೆ ಗೊತ್ತಾಗ್ಬೇಕಲ್ಲ."

ಅವನು ನಕ್ಕು ಬಗ್ಗಿ ಎರಡೂ ಕಿವಿ ತೋರಿಸಿದ. "ಹಲ್ಲೂ ನೋಡ್ತೀರಾ?" ಎಂದು ತಮಾಷೆ ಮಾಡಿದ. ಇವಳು ಹಲ್ಲನ್ನೂ ನೋಡಿದಳು. ಹಿಂದೆಯೇ ವಕೀಲಮ್ಮ ಬಂದಳು. ತಲೆಯ ಮೇಲೆ ನನ್ನ ಟೋಪಿ, ಹೆಗಲಲ್ಲಿ ಚರ್ಮದ ಚೀಲ. ಓರ್ಫೆಲಿಂಡಾ ಅವಳನ್ನು ತಬ್ಬಿಕೊಂಡು, "ಹತ್ತು ತಾಯಿ" ಎಂದು ದಾರಿ ಬಿಟ್ಟಳು.

ನಮ್ಮೂರ ಮದುವೆ, ಹಬ್ಬ, ಸಾವು ಎಲ್ಲಕ್ಕೂ ಮೈಕು ಹಾಕುವವನು ನನ್ನ ಬಾಮೈದ ಅಲಾಡಿನೋ. ಇವಳ ಒಬ್ಬನೇ ತಮ್ಮ. ಲಿಮಾದವರು ಆ ದಿನದ ಮೈಕಿನ ಹೊಣೆಯನ್ನು ಅವನಿಗೇ ಒಪ್ಪಿಸಿದ್ದರು. ಅವನು ಹೊಸ ನೀಲಿ ಜಾಕೆಟ್ಟು ತೊಟ್ಟು ತಂತಿ ಎಳೆಯುತ್ತಿದ್ದುದು ಇವಳ ಕಣ್ಣಿಗೆ ಬಿತ್ತು.

"ಜಾಕೆಟ್ ಎಲ್ಲಿಂದ ಬಂತೋ?"

"ಟೀವಿಯವ್ರು ಕೊಟ್ರು ಅಕ್ಕ. ಚಳಿ ಅಂದೆ, ಕೊಟ್ರು."

"ನಂಗೂ ಚಳಿ. ನಂಗ್ಯಾಕೆ ಕೊಡ್ಲಿಲ್ಲ?"

"ನೀನು ಅವ್ರ ಚೀಲ ಕೊಡವಿಸ್ದೆ. ನಾನು ಅವ್ರಿಗೆ ಮೀನು ಹುರಿಸ್ಕೊಟ್ಟೆ."

"ಓಹೋ. ಊಟನೂ ಅವ್ರ ಜೊತೆಗೇ ಆಯ್ತು ಅನ್ನು."

ಅಲಾಡಿನೋ ನನ್ನ ಕಡೆ ನೋಡಿ, "ಭಾವ, ದಿನಾ ಇದನ್ನ ಹೆಂಗೆ ತಡ್ಕೋತೀರ?" ಎಂದ. ನಾನು ಆಕಾಶ ನೋಡಿದೆ.

ಚರ್ಚೆ ಶುರುವಾಯಿತು. ವಕೀಲಮ್ಮ ಇಡೀ ಕಣಿವೆಗೆ ಕೇಳುವಂತೆ ಮಾತಾಡಿದಳು, ನಾವು ಕೈ ನೋಯುವಷ್ಟು ಚಪ್ಪಾಳೆ ಹೊಡೆದೆವು. ಇಂಜಿನಿಯರ್ ಏದುಸಿರು ಬಿಡುತ್ತ, ಕೋಕಾ ಎಲೆಯ ಕಷಾಯ ಗುಟುಕರಿಸುತ್ತ ಹೇಗೋ ಹೊತ್ತು ದೂಡುತ್ತಿದ್ದ. ಕೊನೆಗೆ ಒಬ್ಬರಿಗೊಬ್ಬರು ಒಂದು ಪ್ರಶ್ನೆ ಕೇಳುವ ಸರದಿ ಬಂತು. ಅವನು ಲೋಟ ಕೆಳಗಿಟ್ಟ.

"ಪೋಮಕೋಚ ಕೊಳ ಗಣಿಯ ಪಾಲಾಯ್ತಲ್ಲ ವಕೀಲರೇ, ಆ ದಾವೆಯಲ್ಲಿ ಕಂಪನಿಯ ಪರವಾಗಿ ಅರ್ಜಿ ಬರೆದವರು ಯಾರು ಅಂತ ಈ ಊರಿಗೆ ಹೇಳ್ತೀರಾ?"

ಪೋಮಕೋಚ ನಮ್ಮೂರಿಗೆ ನೀರು ಕೊಡುತ್ತಿದ್ದ ಕೊಳ. ಈಗ ಅದರ ದಂಡೆಗೆ ದನವನ್ನೂ ಬಿಡುವುದಿಲ್ಲ. ವಕೀಲಮ್ಮನ ತುಟಿ ಅಲುಗಿತು. ಧ್ವನಿವರ್ಧಕದಿಂದ ಏನೂ ಬರಲಿಲ್ಲ. ಅವಳು ಟೋಪಿ ತೆಗೆದು ಅದರ ಅಂಚನ್ನು ಕೈಯಲ್ಲಿ ತಿರುಗಿಸತೊಡಗಿದಳು. ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು. ಆಮೇಲಿನ ಸಮಾರೋಪದ ಮಾತಿಗೆ ಮಾತ್ರ ಮೈಕು ಸರಿಯಾಗಿ ಕೇಳಿಸಿತು.

"ನೋಡಿದ್ಯಾ" ಎಂದು ಗುಂಪಿನಲ್ಲಿ ಯಾರೋ ಅಂದರು. "ಮೈಕು ಅವ್ರಿಗೆ ಬೇಕಾದಾಗ ಸಾಯುತ್ತೆ, ಬೇಕಾದಾಗ ಬದುಕುತ್ತೆ."

ಸಂಜೆ ಕಾರಿನಲ್ಲಿ ಹೋಗುತ್ತಲೇ ವಕೀಲಮ್ಮ ರೇಡಿಯೋದವರಿಗೆ ಹೇಳಿಕೆ ಕೊಟ್ಟಳು. ಉತ್ತರ ತನ್ನ ನಾಲಿಗೆಯ ಮೇಲಿತ್ತು, ಪಾಯಮಾರ್ಕದಲ್ಲಿ ಮೈಕು ಕೈಕೊಟ್ಟಿತು, ಯಾಕೆ ಕೈಕೊಟ್ಟಿತು ಎಂದು ಅಲ್ಲಿನ ಜನರೇ ವಿಚಾರಿಸಲಿ ಎಂದಳು. ರಾತ್ರಿ ನಮ್ಮ ಅಡುಗೆಮನೆಯಲ್ಲಿ ಸಾಕಿದ ಗಿನಿಯಿಲಿಗಳು ಕಾಲ ಬಳಿ ಓಡಾಡುತ್ತಿದ್ದವು. ಓರ್ಫೆಲಿಂಡಾ ಮುಂದೆ ಬೇಯಿಸಿದ ಜೋಳ ಹಾಗೇ ಇತ್ತು, ಒಂದು ಕಾಳೂ ಬಾಯಿಗಿಟ್ಟಿರಲಿಲ್ಲ.

"ಅಲಾಡಿನೋ ಮೇಲೆ ನೀನು ದೂರು ಕೊಡ್ಬೇಡ ಕಣೇ" ಎಂದೆ. "ಬೇರೆ ಯಾರಾದ್ರೂ ಕೊಡ್ಲಿ."

"ಬೇರೆಯವ್ರ ತಮ್ಮನಾಗಿದ್ರೆ ನಾನು ಬಿಡ್ತಿದ್ನಾ? ಇವತ್ತು ಇವನನ್ನ ಬಿಟ್ರೆ ನಾಳೆ ಯಾವ ಕಳ್ಳನ ಮುಂದೆ ನಿಂತ್ಕೊಳ್ಳಿ ನಾನು?"

"ಮೈಕು ಸರಿಯಿತ್ತು ಅಂತ ಅವನೇ ಹೇಳ್ತಿದಾನಲ್ಲ."

"ಹಂಗಾದ್ರೆ ಜಾಕೆಟ್ ಯಾಕೆ ಕೊಟ್ರು?"

ಆ ಜಾಕೆಟ್ಟು ನನ್ನ ತಲೆಯಲ್ಲೂ ಸುತ್ತುತ್ತಿತ್ತು, ಸುಳ್ಳು ಯಾಕೆ ಹೇಳಲಿ. ತಪ್ಪು ಸಾಬೀತಾದರೆ ಅಲಾಡಿನೋನ ಗತಿ ಏನೆಂದು ಇಬ್ಬರಿಗೂ ಗೊತ್ತಿತ್ತು. ಚಾವಟಿಯ ಉರಿ ನಾಲ್ಕು ದಿನಕ್ಕೆ ಆರುತ್ತದೆ. ಆದರೆ ಊರು ಮಾರಿದವನನ್ನು ಆಮೇಲೆ ಮದುವೆಗೂ ಕರೆಯುವುದಿಲ್ಲ, ಸಾವಿಗೂ ಕರೆಯುವುದಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಡಬೇಕು.

ಓರ್ಫೆಲಿಂಡಾ ತಾನೇ ದೂರು ಕೊಟ್ಟಳು. ಭಾನುವಾರ ಪೂಜೆ ಮುಗಿಯುತ್ತಲೇ ಸಭೆ ಸೇರಿತು. ಅದೇ ವೇದಿಕೆ, ಇನ್ನೂ ಬಿಚ್ಚಿರಲಿಲ್ಲ. ಅಲಾಡಿನೋ ಮೇಲೆ ನಿಂತಿದ್ದ, ಮೈಮೇಲೆ ಆ ಹಾಳು ಜಾಕೆಟ್ಟೇ. ಮನೆಯಲ್ಲಿ ಬಿಟ್ಟು ಬರಬಾರದಿತ್ತೇ ಎಂದು ನನಗೆ ಸಿಟ್ಟು ಬಂತು.

"ಮೈಕು ಸತ್ತಿತ್ತಾ?" ಎಂದು ಕೇಳಿದರು.

"ಇಲ್ಲ."

"ಮತ್ತೆ ವಕೀಲಮ್ಮನ ಉತ್ತರ ಯಾಕೆ ಕೇಳಿಸ್ಲಿಲ್ಲ?"

"ಉತ್ತರ ಇದ್ರೆ ತಾನೇ ಕೇಳಿಸೋದು" ಎಂದ. ಜನ ಕೂಗಾಡಿದರು. ನಮ್ಮ ಮಣ್ಣಿನ ಮಗಳ ಮೇಲೆ ಗೂಬೆ ಕೂರಿಸ್ತೀಯಾ, ಲಿಮಾದವರ ಜೊತೆ ಮೀನು ತಿಂದ ಬಾಯಿ ಅದು, ಎಂದರು. ಅವನು ಅಕ್ಕನ ಕಡೆ ಒಮ್ಮೆ ನೋಡಿದ, ಆಮೇಲೆ ತುಟಿ ಬಿಚ್ಚಲಿಲ್ಲ. ತುಟಿ ಬಿಚ್ಚದಿದ್ದರೆ ನಮ್ಮಲ್ಲಿ ಏನರ್ಥ ಎನ್ನುವುದು ಎಲ್ಲರಿಗೂ ಗೊತ್ತು. ಚಾವಟಿ ತಂದು ಅವನ ತಾಯಿಯ ಕೈಗೆ ಕೊಟ್ಟರು.

ನನ್ನ ಅತ್ತೆ ಸರೇಲಾ ಮೆಟ್ಟಿಲ ಹತ್ತಿರ ಬಂದು ನಿಂತಳು. ಮಗನ ಕಡೆ ಹೋಗಲಿಲ್ಲ.

"ಹೊಡೆಯೋಳು ನಾನು. ಒಂದು ಮಾತು ಕೇಳಿಯೇ ಹೊಡೀತೀನಿ" ಎಂದಳು. "ಓರ್ಫೆಲಿಂಡಾ, ಅವತ್ತು ಎಲ್ಲಿ ನಿಂತಿದ್ದೆ?"

"ಇಲ್ಲೇ ಅಮ್ಮ. ಮೆಟ್ಟಿಲ ಬುಡದಲ್ಲಿ."

"ವಕೀಲಮ್ಮ?"

"ಅಲ್ಲೇ ಮೇಲೆ." ಇವಳು ಕೈಚಾಚಿ ತೋರಿಸಿದಳು. ಚಾಚಿದ ಕೈ ಹೆಚ್ಚುಕಡಿಮೆ ಆ ಜಾಗಕ್ಕೇ ತಾಗುತ್ತಿತ್ತು.

"ನಾನು ಇಗರ್ಜಿ ಬಾಗಿಲಲ್ಲಿ ಕೂತಿದ್ದೆ, ಮೈಕಲ್ಲಿ ಬಂದಿದ್ದಷ್ಟೇ ನಂಗೆ ಕೇಳಿಸಿದ್ದು. ನಿಂಗೆ ಮೈಕು ಯಾಕೆ ಬೇಕು? ಕಿವಿ ಪಕ್ಕದಲ್ಲೇ ಇದ್ಲು. ಏನಂದ್ಲು ಹೇಳು."

ನನ್ನ ಹೆಂಡತಿ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಮಾತಿಗೆ ತಡವರಿಸಿದ್ದನ್ನು ನಾನು ಕಂಡಿರಲಿಲ್ಲ. ಚೌಕದಲ್ಲಿ ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಹೇಳಿಬಿಡೇ, ಏನಾದರೂ ಹೇಳಿಬಿಡು ಎಂದು ಒಳಗೇ ಬೇಡಿಕೊಂಡೆ.

"ಏನೂ ಅನ್ಲಿಲ್ಲ" ಎಂದಳು ಕೊನೆಗೆ. "ಮೈಕಲ್ಲೂ ಬರ್ಲಿಲ್ಲ, ಬಾಯಲ್ಲೂ ಬರ್ಲಿಲ್ಲ. ಎಂಜಲು ನುಂಗಿದ್ಲು. ಅದು ಕೇಳಿಸ್ತು ನಂಗೆ."

"ಅವತ್ತೇ ಕೇಳಿಸಿತ್ತಾ?"

"ಅವತ್ತೇ ಕೇಳಿಸಿತ್ತು. ಜಾಕೆಟ್ಟಿನ ಮೇಲೆ ಅನುಮಾನ ಪಡೋದು ಸುಲಭ ಆಯ್ತು ಅಮ್ಮ."

ಮೇಲಿನ ಬೆಟ್ಟದ ಕಡೆ, ಪೋಮಕೋಚ ಇರುವ ಕಡೆ, ಒಬ್ಬೊಬ್ಬರೇ ಮುಖ ತಿರುಗಿಸಿದರು. ಆ ಅರ್ಜಿ ಬರೆದ ಕೈ ಯಾವುದೆಂದು ಇನ್ನು ಯಾರೂ ಕೇಳಬೇಕಾಗಿರಲಿಲ್ಲ. ಓರ್ಫೆಲಿಂಡಾ ತನ್ನ ಟೋಪಿ ತೆಗೆದು ನನ್ನ ಕೈಗೆ ಕೊಟ್ಟಳು. ಶಾಲನ್ನೂ ತೆಗೆದು ಕೊಟ್ಟಳು. ಆಮೇಲೆ ತಾಯಿಗೆ ಬೆನ್ನು ಮಾಡಿ ಮೊಣಕಾಲೂರಿದಳು.

"ಬಿಡಮ್ಮ" ಎಂದ ಅಲಾಡಿನೋ ಮೇಲಿಂದ. "ನಂಗೇನೂ ಆಗ್ಲಿಲ್ವಲ್ಲ."

"ನೀನು ಸುಮ್ನಿರೋ" ಎಂದಳು ಓರ್ಫೆಲಿಂಡಾ. "ಸುಳ್ಳು ದೂರಿನ ನಿಯಮ ನಂಗೊಬ್ಳಿಗೆ ಬೇರೆಯಾ?"

ಅತ್ತೆ ಮೆತ್ತಗೆ ಹೊಡೆಯಲಿಲ್ಲ. ಪ್ರತಿ ಏಟಿಗೂ ಅಳುತ್ತಿದ್ದವಳು ಅತ್ತೆಯೇ.

ಜನ ಕರಗಿದ ಮೇಲೆ ಇವಳು ಮೆಟ್ಟಿಲ ಮೇಲೆ ಕೂತು ನಡುಗುತ್ತಿದ್ದಳು. ಚಳಿಗೋ ನೋವಿಗೋ, ನನಗೆ ಮುಟ್ಟಲು ಭಯ. ಅಲಾಡಿನೋ ಇಳಿದು ಬಂದು ಜಾಕೆಟ್ಟು ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ.

"ತಗೋ. ನಂಗೂ ಚಳಿ ಅಂದಿದ್ಯಲ್ಲ."

ಅವಳು ಅದನ್ನು ಎಳೆದು ಹೊದ್ದುಕೊಂಡಳು. ಕೈ ತಾನಾಗಿಯೇ ಜೇಬಿಗೆ ಹೋಯಿತು. ಒಂದು ಜೇಬು ತಡಕಿದಳು, ಇನ್ನೊಂದನ್ನೂ ತಡಕಿದಳು, ಒಳಜೇಬನ್ನೂ ಬಿಡಲಿಲ್ಲ. ಅಲಾಡಿನೋಗೆ ನಗು ಬಂತು. ನಾನೂ ನಕ್ಕೆ. ಅವಳು ಮಾತ್ರ ಖಾಲಿ ಜೇಬಿನಲ್ಲಿ ಕೈಯಿಟ್ಟುಕೊಂಡೇ ಅಳತೊಡಗಿದಳು.

"ಎಲ್ಲಾರ್ದೂ ನೋಡ್ದೆ ಕಣೋ" ಎಂದಳು ತಮ್ಮನಿಗೆ. "ಆ ವಕೀಲಮ್ಮನ ಚೀಲ ಒಂದೇ ನೋಡ್ಲಿಲ್ಲ."