ಜರೀಗಿಡದ ಹೂವಿಗೆ ಹೋದವರು

ಜರೀಗಿಡ ವರ್ಷಕ್ಕೊಂದೇ ಸಲ, ಜೂನ್ ಕೊನೆಗೆ ಬರುವ ಯಾನಿ ಹಬ್ಬದ ರಾತ್ರಿ, ಹೂ ಬಿಡುತ್ತದೆಂದು ನಮ್ಮ ಲಾಟ್ವಿಯಾದಲ್ಲಿ ನಂಬಿಕೆ. ಕಂಡವರಿಗೆ ಭಾಗ್ಯವಂತೆ. ಕಂಡವರು ಯಾರೂ ಇಲ್ಲ, ಆ ಮಾತು ಬೇರೆ. ಹುಡುಕಲು ಹೋಗುವವರು ಇಬ್ಬಿಬ್ಬರಾಗಿಯೇ ಹೋಗುತ್ತಾರೆ, ಇಬ್ಬರಿಗೂ ಗಿಡದ ಮೇಲೆ ಕಣ್ಣಿರುವುದಿಲ್ಲ. ಹಾಗಾಗಿ ‘ಹೂವಿಗೆ ಹೋಗಿದ್ದರು’ ಎಂದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ, ಮುಸಿಮುಸಿ ನಗುತ್ತಾರೆ.

ನನ್ನ ಮಗಳು ಲಾಸ್ಮಾ ಕಲಾವಿದೆ. ರೀಗಾದಲ್ಲಿ ಹೆಸರು ಮಾಡಿದ್ದರೂ ಹುಟ್ಟೂರಲ್ಲಿ ಇದೇ ಮೊದಲ ಪ್ರದರ್ಶನ. ಸಭಾಂಗಣದ ತುಂಬ ತಗಡಿನಲ್ಲಿ ಕತ್ತರಿಸಿದ ಆಳೆತ್ತರದ ಜರೀಗಿಡಗಳು, ನಡುನಡುವೆ ಖಾಲಿ ಮರದ ದಿಮ್ಮಿಗಳು. ಹೂವಿಗೆ ಹೋದಾಗ ಸಿಕ್ಕಿದ್ದನ್ನು ತಂದು ದಿಮ್ಮಿಯ ಮೇಲಿಡಿ ಎಂದು ಊರಿಗೆಲ್ಲ ಸಾರಿದ್ದಳು. ಜನ ತಂದಿಟ್ಟರೆ ಅದು ಕಲೆ, ಇಲ್ಲದಿದ್ದರೆ ಬರೀ ತಗಡು ಎಂದು ಅವಳದೇ ಮಾತು. ಈ ಊರಲ್ಲಿ ಯಾರು ಒಪ್ಪಿಕೊಳ್ಳುತ್ತಾರೆ ಮಾರಾಯ್ತಿ ಎಂದು ನಾನು ಬಡಕೊಂಡೆ. ಕೇಳಬೇಕಲ್ಲ.

ಭಾನುವಾರ ಮಧ್ಯಾಹ್ನ ಊರಿಗೆ ಊರೇ ಬಂತು. ಶಾಜೀರಿಗೆ ಹಾಕಿದ ಚೀಸು ಮುಗಿಯಿತು, ಬಿಯರು ಮುಗಿಯಿತು. ದಿಮ್ಮಿಗಳ ಮೇಲೆ ಮಾತ್ರ ಏನೂ ಬೀಳಲಿಲ್ಲ. ಎಲ್ಲರೂ ಪಕ್ಕದವರ ಕೈ ನೋಡುವವರೇ. ಲಾಸ್ಮಾಳ ಮುಖ ಸಣ್ಣಗಾಗುತ್ತ ಬಂತು.

ಆಗ ನನ್ನ ಗಂಡ ಗುನಾರ್ಸ್ ಗ್ಲಾಸು ಕೆಳಗಿಟ್ಟು, ಮಗಳ ಕೈಹಿಡಿದು, ಅವಳನ್ನೇ ದಿಮ್ಮಿಯ ಮೇಲೆ ಹತ್ತಿಸಿದರು.

“ನಂಗೆ ಸಿಕ್ಕಿದ್ದು ಇದು” ಅಂದರು.

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ನಮ್ಮ ಮದುವೆಯಾಗಿದ್ದು ಅಕ್ಟೋಬರಿನಲ್ಲಿ, ಲಾಸ್ಮಾ ಹುಟ್ಟಿದ್ದು ಮುಂದಿನ ಮಾರ್ಚಿನಲ್ಲೇ. ಈ ಲೆಕ್ಕ ಯಾರ ನಾಲಗೆಗೂ ಬಾರದಂತೆ ಇಷ್ಟು ವರ್ಷ ಕಾಯ್ದುಕೊಂಡಿದ್ದೆ. ಈಗ ಬೇಕರಿಯ ವೆಲ್ಟಾ ಎಲ್ಲರೆದುರಿಗೇ ಬೆರಳು ಮಡಚಲು ಶುರುಮಾಡಿದಳು. ದಿಮ್ಮಿಯ ಮೇಲಿಂದ ಮಗಳು ನನ್ನನ್ನೇ ನೋಡುತ್ತಿದ್ದಳು. ನಾಚಿಕೆ ಎಲ್ಲಿ ಹೋಯಿತೋ, ನನಗೆ ಗಂಡನ ಮೇಲೆ ಕೋಪ ಬಂತು.

“ಇವ್ರಿಗೆಲ್ಲಿ ಸಿಕ್ತು?” ಅಂದೆ. “ಸೊಳ್ಳೆ ಕಚ್ತವೆ, ಮನೆಗೆ ಹೋಗೋಣ ಅಂತಿದ್ರು. ಕಾಡೊಳಗೆ ಎಳ್ಕೊಂಡು ಹೋದೋಳು ನಾನು. ತಂದೋರು ಯಾರು ಅಂತ ಚೀಟಿ ಹಾಕೋದಾದ್ರೆ ನನ್ನ ಹೆಸರು ಹಾಕು ಮಗಳೇ.”

ಸಭೆ ಬಿದ್ದುಬಿದ್ದು ನಕ್ಕಿತು. ಲಾಸ್ಮಾ ನಗುತ್ತಲೇ ಕಣ್ಣೊರೆಸಿಕೊಂಡಳು. ಬೆರಳು ಮಡಚುತ್ತಿದ್ದ ವೆಲ್ಟಾ ಸರಸರನೆ ಹೊರಗೆ ಹೋದವಳು, ಕಾವಲಿಗೆ ನಿಂತಿದ್ದ ತನ್ನ ಪೊಲೀಸ್ ಮಗನನ್ನು ತೋಳು ಹಿಡಿದು ಎಳೆತಂದಳು.

“ಹತ್ತೋ, ಸುಮ್ನೆ ಹತ್ತು. ನೀನೂ ಮಾರ್ಚ್‌ನೋನೇ.”

ಆಮೇಲೆ ತಡೆಯುವವರಿರಲಿಲ್ಲ. ಗಡ್ಡದವರು, ಬಸುರಿಯರು, ಒಂದೇ ದಿಮ್ಮಿಗೆ ಕಿತ್ತಾಡುವ ಅವಳಿಗಳು. ದಿಮ್ಮಿ ಸಾಲದೆ ನಾನೂ ಗುನಾರ್ಸೂ ಆಫೀಸಿನಿಂದ ಕುರ್ಚಿಗಳನ್ನು ಹೊತ್ತು ತಂದೆವು.